ಪಾದಗಳ ಪರಾಮರಿಕೆ

ಶರೀರದ ಅವಯವಗಳಲ್ಲಿ ಹೆಚ್ಚಿನ ಭಾರವನ್ನು ಹೊರುವುದೂ, ಕಡಿಮೆ ಆದರವನ್ನು ಪಡೆಯುವುದೂ ಪಾದಗಳೇ ಎಂದರೆ ಅತಿಶಯೋಕ್ತಿಯಾಗಲಾರದು. ಮುಖಕ್ಕೆ ಕನ್ನಡಿಯುಂಟು, ತಲೆಗೆ ಬಾಚಣಿಗೆಯುಂಟು. ಅಂಗಾಲನ್ನು ಮಾತ್ರ ಮುಳ್ಳು ಚುಚ್ಚಿದ ದಿನವಲ್ಲದೆ ನಾವು ನೋಡುವುದೇ ಇಲ್ಲ. ಒಂದೊಂದು ಪಾದದಲ್ಲಿಯೂ 26 ಮೂಳೆಗಳಿವೆ. ಅವು ಕಮಾನಿನಂತೆ ಜೋಡಿಸಲ್ಪಟ್ಟಿರುವುದರಿಂದಲೇ ನಾವು ಏರುತಗ್ಗುಗಳಲ್ಲಿ ಎಡವದೆ ನಡೆಯುತ್ತೇವೆ.

ಪ್ರಾಚೀನರು ಈ ವಿಷಯವನ್ನು ಅಲಕ್ಷ್ಯಮಾಡಿದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿ ಪಾದಗಳನ್ನು ತೊಳೆಯುವುದು, ಅವುಗಳಿಗೆ ಎಣ್ಣೆ ಸವರುವುದು, ಪಾದರಕ್ಷೆ ಧರಿಸುವುದು, ಈ ಮೂರನ್ನೂ ಬೇರೆಬೇರೆಯಾಗಿ ವಿಧಿಸಿದೆ. ಪಾದಾಭ್ಯಂಗದಿಂದ ಶಮನವಾಗುವ ದೋಷಗಳಲ್ಲಿ ಒರಟುತನ, ಬಿರುಕು, ಆಯಾಸಗಳೊಂದಿಗೆ ‘ಸುಪ್ತಿ’ಯನ್ನೂ ಹೇಳಿದೆ. ಸುಪ್ತಿಯೆಂದರೆ ಜೋಮು, ಸ್ಪರ್ಶಜ್ಞಾನ ಕುಗ್ಗುವುದು. ಈ ಒಂದು ಪದವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ಪ್ರಯೋಜನವುಂಟು.

ಮೊದಲು ಮಕ್ಕಳ ವಿಚಾರ. ಎರಡು ಮೂರು ವರ್ಷದ ಮಗುವಿನ ಅಂಗಾಲು ಚಪ್ಪಟೆಯಾಗಿದೆಯೆಂದು ತಾಯಂದಿರು ಕಳವಳಪಡುವುದುಂಟು. ಆ ವಯಸ್ಸಿನಲ್ಲಿ ಅದು ಸಹಜವೇ. ಆರೇಳು ವರ್ಷಗಳ ಹೊತ್ತಿಗೆ ಬಹುಮಂದಿ ಮಕ್ಕಳಲ್ಲಿ ಕಮಾನು ತಾನಾಗಿಯೇ ಮೂಡುತ್ತದೆ. ಮನೆಯೊಳಗೆ ಬರಿಗಾಲಿನಲ್ಲಿ ಓಡಾಡಲು ಬಿಡುವುದೇ ಒಳ್ಳೆಯದು. ನೋವಿದ್ದರೆ ಅಥವಾ ಒಂದೇ ಪಾದ ಚಪ್ಪಟೆಯಾಗಿದ್ದರೆ ಮಾತ್ರ ವೈದ್ಯರಿಗೆ ತೋರಿಸತಕ್ಕದ್ದು.

ಶಾಲೆಗೆ ಹೋಗುವ ಮಕ್ಕಳ ಬೂಟುಗಳ ವಿಷಯದಲ್ಲಿ ಹಿರಿಯರು ಎರಡು ತಪ್ಪು ಮಾಡುತ್ತಾರೆ. ‘ಮುಂದಿನ ವರ್ಷಕ್ಕೂ ಆಗಲಿ’ ಎಂದು ಎರಡು ಅಳತೆ ದೊಡ್ಡದನ್ನು ಕೊಳ್ಳುವುದು ಒಂದು. ಅಣ್ಣನದು ಹರಿದಿಲ್ಲವೆಂದು ತಮ್ಮನಿಗೆ ತೊಡಿಸುವುದು ಇನ್ನೊಂದು. ಸವೆದ ಬೂಟು ಮೊದಲು ಧರಿಸಿದವನ ಕಾಲಿನ ಆಕಾರವನ್ನು ತಳೆದಿರುತ್ತದೆ. ಮೂರು ತಿಂಗಳಿಗೊಮ್ಮೆ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಪಾದದ ಸುತ್ತ ಗೆರೆಯೆಳೆದು, ಆ ಗೆರೆಯ ಮೇಲೆ ಬೂಟನ್ನಿಟ್ಟು ನೋಡಿರಿ. ಬೂಟಿನ ಹೊರಗೆ ಗೆರೆ ಕಾಣಿಸಿದರೆ ಅದು ಇಕ್ಕಟ್ಟೆಂದು ತಿಳಿಯಬೇಕು. ಉದ್ದಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರು ಜಾಗವಿರತಕ್ಕದ್ದು.

ನಡುವಯಸ್ಸಿನ ಗೃಹಿಣಿಯರಿಗೆ ಬಚ್ಚಲು, ಅಡಿಗೆಮನೆಗಳ ತೇವವೇ ಶತ್ರು. ಮಳೆಗಾಲದಲ್ಲಿ ರಸೆಲ್ ಮಾರ್ಕೆಟ್ಟಿನ ಒದ್ದೆ ನೆಲದಲ್ಲಿ ತಿರುಗಾಡಿ ಬಂದವರಿಗೂ ಇದೇ ತೊಂದರೆ. ಬೆರಳುಸಂದಿ ಬೆಳ್ಳಗಾಗಿ ತುರಿಸಿ ಕೆಸರುಹುಣ್ಣಾಗುತ್ತದೆ. ಕಾಲು ತೊಳೆದ ಮೇಲೆ ಸಂದಿಗಳನ್ನು ಒಣಬಟ್ಟೆಯಿಂದ ಒರಸಿಕೊಂಡರೆ ಇದರ ಬಹುಭಾಗವನ್ನು ತಡೆಯಬಹುದು. ಒಡೆದ ಹಿಮ್ಮಡಿಗೆ ರಾತ್ರಿ ಎಳ್ಳೆಣ್ಣೆಯನ್ನೋ ಕೊಬ್ಬರಿ ಎಣ್ಣೆಯನ್ನೋ ಸವರಬಹುದು. ಬೆರಳುಸಂದಿಗಳಿಗೆ ಮಾತ್ರ ಎಣ್ಣೆ ಸೋಕಿಸಬಾರದು. ಪಾದ ಬಾತಿದ್ದರೆ ಕಾಲುಂಗುರವನ್ನು ಸಡಿಲಿಸಿಕೊಳ್ಳಬೇಕು. ಒಂದೇ ಕಾಲು ಹಠಾತ್ತಾಗಿ ಊದಿ ನೋಯುತ್ತಿದ್ದರೂ, ಗರ್ಭಿಣಿಯರಿಗೆ ಮುಖ, ಕೈಗಳು ಊದಿ ತಲೆನೋವು ಬಂದರೂ ಅಂದೇ ವೈದ್ಯರನ್ನು ಕಾಣಬೇಕು.

ಇನ್ನು ಮುಖ್ಯವಿಷಯ. ನಮ್ಮ ರಿಚರ್ಡ್ಸ್ ಟೌನಿನಲ್ಲಿ ಬೆಳಗಾಗುತ್ತಲೇ ಪಾರ್ಕಿನ ಸುತ್ತ ನಡೆಯುವವರಲ್ಲಿ ಹಲವರು ಸಕ್ಕರೆ ಕಾಯಿಲೆಗಾಗಿಯೇ ನಡೆಯುವವರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 10 ಕೋಟಿ ಜನ ಮಧುಮೇಹಿಗಳಿದ್ದಾರೆ. ಈ ರೋಗ ಬಹುಕಾಲವಿದ್ದರೆ ಪಾದದ ನರಗಳು ಕುಂದಿ ಮೇಲೆ ಹೇಳಿದ ಸುಪ್ತಿಯುಂಟಾಗುತ್ತದೆ, ರಕ್ತಸಂಚಾರವೂ ಕಡಿಮೆಯಾಗಬಹುದು. ಈ ಸುಪ್ತಿ ಎಣ್ಣೆಯಿಂದ ವಾಸಿಯಾಗುವಂಥದಲ್ಲ.

ನಮ್ಮ ನೆರೆಯ ವೃದ್ಧರೊಬ್ಬರು ವೈಶಾಖದ ಮಧ್ಯಾಹ್ನ ದೇವಾಲಯವೊಂದರ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ಪ್ರದಕ್ಷಿಣೆ ಮಾಡಿದರು. ಇತರರು ಬಿಸಿ ತಾಳಲಾರದೆ ನೆರಳಿಗೆ ಓಡಿದರೆ ಇವರು ಮಾತ್ರ ನಿಧಾನವಾಗಿ ನಡೆದರು. ನೋಡಿದವರು ಭಕ್ತಿಯೆಂದುಕೊಂಡರು. ಸಂಜೆ ಅಂಗಾಲಿನಲ್ಲಿ ಬೊಬ್ಬೆಗಳೆದ್ದಿದ್ದವು. ನೋವಿಲ್ಲವೆಂದು ನಾಲ್ಕು ದಿನ ಯಾರಿಗೂ ತೋರಿಸಲಿಲ್ಲ. ಕಡೆಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು.

ನೋವಿಲ್ಲದಿರುವುದು ಭಾಗ್ಯವಲ್ಲವೆಂಬುದನ್ನು ಸ್ಪಷ್ಟಪಡಿಸಿದವರಲ್ಲಿ ಪಾಲ್ ಬ್ರ್ಯಾಂಡ್ ಪ್ರಮುಖರು. ಬೆಂಗಳೂರಿಗೆ ಸುಮಾರು 200 ಕಿಲೋಮೀಟರು ದೂರದ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ 1946ರಲ್ಲಿ ಬಂದ ಈ ಶಸ್ತ್ರವೈದ್ಯರು, ಕುಷ್ಠರೋಗಿಗಳ ಕಾಲುಹುಣ್ಣುಗಳಿಗೆ ಮಾಂಸ ತಾನಾಗಿ ಕೊಳೆಯುವುದು ಕಾರಣವಲ್ಲ, ನೋವು ತಿಳಿಯದೆ ಪಾದಕ್ಕೆ ಮತ್ತೆಮತ್ತೆ ಪೆಟ್ಟಾಗುವುದೇ ಕಾರಣವೆಂದು ತೋರಿಸಿದರು. ಇಂತಹ ಪಾದಗಳಿಗಾಗಿ ನಮ್ಮ ದೇಶದಲ್ಲಿ ರೂಢಿಗೆ ಬಂದ ಮೃದು ರಬ್ಬರಿನ ಎಂ.ಸಿ.ಆರ್. ಚಪ್ಪಲಿಗಳು ಈಗ ಮಧುಮೇಹಿಗಳಿಗೂ ಉಪಯೋಗವಾಗುತ್ತಿವೆ. ಬೆಂಗಳೂರಿನಲ್ಲಿಯೇ ಸರ್ಕಾರದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಸಂಸ್ಥೆಯಲ್ಲಿ ಪಾದಚಿಕಿತ್ಸೆಯ ವಿಭಾಗವಿದೆ. ವರ್ಷಕ್ಕೊಮ್ಮೆಯಾದರೂ ಪಾದಗಳನ್ನು ಪರೀಕ್ಷೆಮಾಡಿಸಿಕೊಳ್ಳಬೇಕು. ಸಣ್ಣ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ಒತ್ತಿ ಸ್ಪರ್ಶಜ್ಞಾನವನ್ನು ತಿಳಿಯುತ್ತಾರೆ, ಇದರಿಂದ ನೋವಾಗುವುದಿಲ್ಲ.

ಮನೆಯಲ್ಲಿ ಪಾಲಿಸತಕ್ಕ ನಿಯಮಗಳು ಕೆಲವೇ. ಮಧುಮೇಹಿಗಳು ಮನೆಯೊಳಗೂ ಚಪ್ಪಲಿ ಮೆಟ್ಟಬೇಕು. ದೇವಾಲಯಕ್ಕೆ ಬಿಸಿಲೇರುವ ಮುಂಚೆ ಹೋಗಬೇಕು. ನೀರಿನ ಬಿಸಿಯನ್ನು ಕಾಲಿನಿಂದ ನೋಡದೆ ಮೊಣಕೈಯಿಂದ ನೋಡಬೇಕು. ಪಾದರಕ್ಷೆಯೊಳಗೆ ಕಲ್ಲು, ಮೊಳೆಗಳಿವೆಯೇ ಎಂದು ಕೈಯಾಡಿಸಿದ ಮೇಲೆಯೇ ಮೆಟ್ಟಬೇಕು. ಹೊಸ ಪಾದರಕ್ಷೆಯನ್ನು ಸಂಜೆ ಕೊಳ್ಳುವುದು ಮೇಲು. ಆಗ ಪಾದ ಸ್ವಲ್ಪ ಬಾತಿರುತ್ತದೆ. ಉಗುರನ್ನು ನೇರವಾಗಿ ಕತ್ತರಿಸಬೇಕು, ಮೂಲೆಗಳನ್ನು ಕೊರೆಯಕೂಡದು. ಆಣಿಗೆ ಬ್ಲೇಡನ್ನಾಗಲಿ ಅಂಗಡಿಯ ಪಟ್ಟಿಯನ್ನಾಗಲಿ ತಾವೇ ಪ್ರಯೋಗಿಸಕೂಡದು. ಗಾಯ, ಬೊಬ್ಬೆ, ಕೆಂಪು, ಯಾವುದು ಕಂಡರೂ ಮರುದಿನದೊಳಗೆ ವೈದ್ಯರಿಗೆ ತೋರಿಸತಕ್ಕದ್ದು.

ವೃದ್ಧರಿಗೆ ಬಗ್ಗಲು ಆಗದು, ಕಣ್ಣೂ ಮಂದ. ಅವರ ಅಂಗಾಲನ್ನು ನೋಡುವ ಕೆಲಸ ಮನೆಯ ಮಕ್ಕಳದು, ಸೊಸೆಯರದು, ಮೊಮ್ಮಕ್ಕಳದು. ಹಬ್ಬಹರಿದಿನಗಳಲ್ಲಿ ಹಿರಿಯರ ಪಾದಗಳನ್ನು ಮುಟ್ಟಿ ನಮಸ್ಕರಿಸುವುದು ನಮ್ಮ ಸಂಪ್ರದಾಯವಷ್ಟೆ. ಹಾಗೆ ಬಗ್ಗಿದಾಗ ಆ ಪಾದಗಳನ್ನು ಒಂದು ಕ್ಷಣ ಕಣ್ಣಿಟ್ಟು ನೋಡಿದರೆ ನಮಸ್ಕಾರದೊಂದಿಗೆ ಸೇವೆಯೂ ಸಂದಂತಾಗುವುದು.