ಬೀದಿಯ ಸೇವೆಗೊಂದು ಅಳತೆಗೋಲು

1883ರಲ್ಲಿ ಬೆಂಗಳೂರಿನ ದಂಡಿನಲ್ಲಿ ವೈದ್ಯನಾಗಿದ್ದ ರೊನಾಲ್ಡ್ ರಾಸ್ ಎಂಬ ತರುಣನಿಗೆ ತನ್ನ ಬಂಗಲೆಯಲ್ಲಿ ಸೊಳ್ಳೆಗಳ ಕಾಟ ದುಸ್ಸಹವಾಯಿತು. ಕಿಟಕಿಯ ಹೊರಗಿದ್ದ ನೀರಿನ ತೊಟ್ಟಿಯನ್ನು ನೋಡಲಾಗಿ, ಅದರಲ್ಲಿ ಸೊಳ್ಳೆಯ ಮರಿಹುಳುಗಳು ತುಂಬಿದ್ದುವು. ತೊಟ್ಟಿಯನ್ನು ಬರಿದು ಮಾಡಿದ ಮೇಲೆ ಸೊಳ್ಳೆಗಳು ಬಹುಮಟ್ಟಿಗೆ ಕಡಮೆಯಾದುವು. ಮುಂದೆ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರೋಪಜೀವಿಯನ್ನು ಕಂಡು, 1902ರಲ್ಲಿ ನೊಬೆಲ್ ಬಹುಮಾನವನ್ನು ಪಡೆದವನು ಇವನೇ.

ಒಂದು ತೊಟ್ಟಿ, ಒಂದು ಬಂಗಲೆ: ಇಲ್ಲಿ ಕಾರ್ಯಕಾರಣ ಸಂಬಂಧ ಕಣ್ಣಿಗೆ ಕಾಣುವಂತಿದೆ. ಆದರೆ ನೂರಾರು ಮನೆಗಳ ಬಡಾವಣೆಯಲ್ಲಿ ವಿದ್ಯಾರ್ಥಿಗಳು ಸ್ವಯಂಸೇವಕರಾಗಿ ಇದೇ ಕೆಲಸವನ್ನು ಕೈಗೊಂಡರೆ, ಅದು ಫಲಿಸಿತೆಂದು ತಿಳಿಯುವುದು ಹೇಗೆ? ಹಂಚಿದ ಕರಪತ್ರಗಳೆಷ್ಟು, ನಡೆಸಿದ ಸಭೆಗಳೆಷ್ಟು ಎಂದು ಎಣಿಸುವುದು ನಮ್ಮ ಶ್ರಮದ ಲೆಕ್ಕವಾದೀತೇ ಹೊರತು ಫಲದ ಲೆಕ್ಕವಾಗದು.

ಮೊದಲು ಶತ್ರುವಿನ ಸ್ವಭಾವವನ್ನು ಅರಿಯೋಣ. ಡೆಂಗಿ ಜ್ವರವನ್ನು ಹರಡುವ ಈಡಿಸ್ ಸೊಳ್ಳೆ ಕೊಳಚೆಯನ್ನು ಅರಸಿ ಹೋಗುವುದಿಲ್ಲ. ಮನೆಯ ಸುತ್ತಲಿನ ಸಂಪು, ಡ್ರಮ್ಮು, ಹೂಕುಂಡದ ತಟ್ಟೆ, ಹಳೆಯ ಟೈರು, ಎಳನೀರಿನ ಬುರುಡೆಗಳಲ್ಲಿ ನಿಂತ ನೀರೇ ಅದಕ್ಕೆ ಸಾಕು. ಮೊಟ್ಟೆ ಸೊಳ್ಳೆಯಾಗಿ ಹಾರಲು ನಮ್ಮ ಹವೆಯಲ್ಲಿ ಸುಮಾರು ಏಳರಿಂದ ಹತ್ತು ದಿನ ಹಿಡಿಯುತ್ತದೆ. ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವದಿಂದಿರುತ್ತವೆ. ಆದುದರಿಂದ ನೀರನ್ನು ಚೆಲ್ಲಿದರಷ್ಟೇ ಸಾಲದು, ಒಳಗೋಡೆಯನ್ನು ಉಜ್ಜಿ ತೊಳೆಯಬೇಕು. ಅದೂ ವಾರಕ್ಕೊಮ್ಮೆ ತಪ್ಪದೆ. ಈ ಸೊಳ್ಳೆ ಸಾಮಾನ್ಯವಾಗಿ ತಾನು ಹುಟ್ಟಿದೆಡೆಯಿಂದ ಬಹುದೂರ ಹಾರದು. ಆ ಕಾರಣದಿಂದಲೇ ಇದು ಒಂದು ಬೀದಿಯವರು ಕೂಡಿ ಮಾಡಬಹುದಾದ ಕೆಲಸವಾಗಿದೆ.

ನೂರು ಮನೆಗಳ ಬೀದಿಯೊಂದನ್ನು ಭಾವಿಸಿಕೊಳ್ಳೋಣ. ಹತ್ತು ಮಂದಿ ಸ್ವಯಂಸೇವಕರಿದ್ದರೆ ಇಬ್ಬಿಬ್ಬರಂತೆ ಐದು ಜೋಡಿಗಳು. ಜೋಡಿಗೆ ಇಪ್ಪತ್ತು ಮನೆ. ಒಬ್ಬನು ಟಾರ್ಚು ಹಿಡಿದು ಪಾತ್ರೆಗಳನ್ನು ನೋಡಲಿ, ಇನ್ನೊಬ್ಬನು ಬರೆದುಕೊಳ್ಳಲಿ. ಮರಿಹುಳುಗಳು ಕಂಡ ಮನೆಗಳು ನೂರಕ್ಕೆ ಎಷ್ಟು ಎಂಬುದೇ ಮನೆ ಸೂಚ್ಯಂಕ. ನೂರು ಮನೆಗಳಲ್ಲಿ ಅಂಥ ಪಾತ್ರೆಗಳೆಷ್ಟು ಎಂಬುದು ಬ್ರೆಟೋ ಸೂಚ್ಯಂಕ. ಬೀಗ ಹಾಕಿದ ಮನೆಯನ್ನು ‘ನೋಡಿಲ್ಲ’ ಎಂದೇ ಬರೆಯಬೇಕು. ‘ಹುಳುವಿಲ್ಲ’ ಎಂದು ಬರೆಯುವುದು ಸುಳ್ಳಾಗುತ್ತದೆ.

ಪ್ರಯೋಗಶಾಲೆಯಲ್ಲಿ ಉಪಕರಣದ ಶೂನ್ಯದೋಷವನ್ನು ಮೊದಲೇ ನೋಡಿಕೊಳ್ಳಬೇಕೆಂದು ನಾವು ವಿದ್ಯಾರ್ಥಿಗಳಿಗೆ ಹೇಳುವುದುಂಟು. ಇಲ್ಲಿ ಉಪಕರಣವೆಂದರೆ ಸ್ವಯಂಸೇವಕನ ಕಣ್ಣು. ಆದುದರಿಂದ ಹತ್ತರಲ್ಲೊಂದು ಮನೆಯನ್ನು ಮತ್ತೊಂದು ಜೋಡಿ ಅದೇ ದಿನ ಪುನಃ ನೋಡಿ ತಾಳೆ ಮಾಡಬೇಕು. ಶುಚಿಕಾರ್ಯವನ್ನು ಮಾಡಿದವರೇ ಫಲವನ್ನು ಎಣಿಸಲೂ ಕೂಡದು. ಅವರು ಪ್ರಾಮಾಣಿಕರಲ್ಲವೆಂದಲ್ಲ; ತಾನು ಉಜ್ಜಿದ ತೊಟ್ಟಿಯಲ್ಲಿ ಹುಳುವನ್ನು ಕಾಣಲು ಯಾರ ಮನಸ್ಸೂ ಒಪ್ಪುವುದಿಲ್ಲ.

ಈಗ ಫಲವನ್ನು ನೋಡೋಣ. ಮಳೆಗಾಲದ ನಡುವೆ ನಮ್ಮ ಬೀದಿಯ ಮನೆ ಸೂಚ್ಯಂಕ 24 ಇದ್ದು, ಹತ್ತು ವಾರಗಳ ದುಡಿಮೆಯ ತರುವಾಯ 9ಕ್ಕೆ ಇಳಿಯಿತೆನ್ನೋಣ. ಹದಿನೈದೂ ನಮ್ಮ ಸಾಧನೆಯೆ? ಆ ವೇಳೆಗೆ ಮಳೆಯೂ ನಿಂತಿತ್ತಲ್ಲವೆ! ಕ್ಯಾಲೊರಿಮೀಟರಿನ ಪ್ರಯೋಗದಲ್ಲಿ ಬಿಸಿನೀರು ತನ್ನಷ್ಟಕ್ಕೆ ತಾನೇ ಸುತ್ತಲಿನ ಗಾಳಿಗೆ ಶಾಖವನ್ನು ಬಿಟ್ಟುಕೊಡುತ್ತದೆ. ಆ ನಷ್ಟಕ್ಕೆ ತಿದ್ದುಪಡಿ ಮಾಡದೆ ಬರೆದ ಉತ್ತರ ತಪ್ಪಾಗುತ್ತದೆ. ಇಲ್ಲಿಯೂ ಋತುವಿನ ಪಾಲನ್ನು ಕಳೆಯಬೇಕು. ಅದಕ್ಕಾಗಿ, ಕೆಲಸವಿನ್ನೂ ಆರಂಭವಾಗದ ನೂರು ಮನೆಗಳ ಮತ್ತೊಂದು ಬೀದಿಯನ್ನೂ ಅದೇ ದಿನಗಳಲ್ಲಿ ಅಳೆಯಬೇಕು. ಅಲ್ಲಿ ಸೂಚ್ಯಂಕ 22ರಿಂದ 15ಕ್ಕೆ ಇಳಿದಿದ್ದರೆ, ಏಳು ಋತುವಿನ ಪಾಲು. ನಮ್ಮ ಪಾಲಿಗೆ ಉಳಿಯುವುದು ಎಂಟು.

ಈ ಎಂಟನ್ನಾದರೂ ನಂಬಬಹುದೆ? ಎಣಿಕೆಯಲ್ಲಿ ಆಕಸ್ಮಿಕ ಏರಿಳಿತ ಸ್ಥೂಲವಾಗಿ ಎಣಿಕೆಯ ವರ್ಗಮೂಲದಷ್ಟಿರುತ್ತದೆ. ನಾಲ್ಕು ಎಣಿಕೆಗಳ ಮೊತ್ತ 70. ಅದರ ವರ್ಗಮೂಲ ಸುಮಾರು 8. ಎಂದರೆ ಸಂದೇಹವೂ ಫಲದಷ್ಟೇ ದೊಡ್ಡದು! ಇದರಿಂದ ಎದೆಗುಂದಬೇಕಾಗಿಲ್ಲ. ಎರಡು ಕಡೆಯೂ ನಾಲ್ಕು ನಾಲ್ಕು ಬೀದಿಗಳನ್ನು ತೆಗೆದುಕೊಂಡು ಇದೇ ಪ್ರಮಾಣ ಕಂಡುಬಂದರೆ ಫಲ 32 ಆಗುತ್ತದೆ, ಸಂದೇಹವಾದರೋ ಸುಮಾರು 17. ಫಲ ನಾಲ್ಮಡಿಯಾದಾಗ ಸಂದೇಹ ಇಮ್ಮಡಿ ಮಾತ್ರ. ಹೆಚ್ಚು ಮನೆಗಳನ್ನು ನೋಡುವುದರ ಪ್ರಯೋಜನ ಇದೇ.

ಹಾಗಾದರೆ ಅಳತೆಗಾಗಿ ಕೆಲವು ಬೀದಿಗಳನ್ನು ಸೊಳ್ಳೆಗಳಿಗೆ ಬಿಟ್ಟುಬಿಡುವುದು ನ್ಯಾಯವೆ ಎಂದು ವಾಚಕರು ಕೇಳಬಹುದು. ಪ್ರಶ್ನೆ ಯುಕ್ತವಾದುದೇ. ಹತ್ತು ಮಂದಿಯ ತಂಡವೊಂದು ಎಲ್ಲ ಬೀದಿಗಳನ್ನೂ ಒಂದೇ ವಾರದಲ್ಲಿ ಮುಟ್ಟಲಾರದು. ಯಾವುದಾದರೂ ಬೀದಿ ಕಾಯಲೇಬೇಕು. ಯಾವುದು ಮೊದಲು ಎಂಬುದನ್ನು ಚೀಟಿಯೆತ್ತಿ ನಿರ್ಧರಿಸಿದರೆ ಪಕ್ಷಪಾತಕ್ಕೆ ಎಡೆಯಿಲ್ಲ, ಹೋಲಿಕೆಗೂ ಅನುಕೂಲ. ಆದರೆ ಕಾಯುತ್ತಿರುವ ಬೀದಿಯಲ್ಲಿ ಯಾರಿಗಾದರೂ ಡೆಂಗಿ ತಗಲಿತೆಂದರೆ ಆರೋಗ್ಯ ಕಾರ್ಯಕರ್ತರಿಗೆ ತಿಳಿಸಿ, ಲೆಕ್ಕದ ಹಾಳೆಯನ್ನು ಮಡಿಸಿಟ್ಟು, ಆ ದಿನವೇ ಅಲ್ಲಿಗೆ ಹೋಗತಕ್ಕದ್ದು. ಅಳತೆ ಮನುಷ್ಯನಿಗಾಗಿ ಇರುವುದು.

ಕೊನೆಯಲ್ಲಿ, ಬಂದ ಸಂಖ್ಯೆಗಳನ್ನು ಬೀದಿಯವರನ್ನೇ ಕೂಡಿಸಿ ಓದಿಹೇಳಬೇಕು; ಮನೆಗಳ ಹೆಸರು ಬೇಡ. ಯಾವ ಬಗೆಯ ಪಾತ್ರೆಯಲ್ಲಿ ಹುಳುಗಳು ಹೆಚ್ಚೆಂದು ಗೊತ್ತಾದರೆ ಮುಂದಿನ ಯೋಜನೆ ಅಲ್ಲಿಂದಲೇ ಆರಂಭವಾಗುತ್ತದೆ. ಫಲ ಕಾಣಲಿಲ್ಲವೆಂದಾದರೆ ಅದನ್ನೂ ಹಾಗೆಯೇ ಹೇಳಬೇಕು. ಇಳಿಯದ ಸೂಚ್ಯಂಕವನ್ನು ಇಳಿಯಿತೆಂದು ಬರೆದರೆ ಮನೆಯವರು ನಿಶ್ಚಿಂತರಾಗುತ್ತಾರೆ. ಸೊಳ್ಳೆ ನಮ್ಮ ವರದಿಯನ್ನು ಓದುವುದಿಲ್ಲ.