ಗಂಟೆ ಹೊಡೆಯಿತು, ಒಲೆ ಆರಲಿಲ್ಲ

ಕುಂಬಳೆ ಸೀಮೆಯಲ್ಲಿರುವ ನಮ್ಮ ಅತ್ತಿಗೆಯವರ ಮನೆಯಲ್ಲಿ ಎರಡು ವರ್ಷಗಳ ಹಿಂದೆ ಅಡಿಗೆಮನೆಯ ಜೀರ್ಣೋದ್ಧಾರವಾಯಿತು. ದುಬಾಯಿಯಲ್ಲಿ ಉದ್ಯೋಗದಲ್ಲಿರುವ ಮಗ ರಜೆಯಲ್ಲಿ ಬಂದವನು ಹೊಗೆ ಹಿಡಿದು ಕಪ್ಪಾಗಿದ್ದ ಮಣ್ಣಿನ ಒಲೆಯನ್ನು ತೆಗೆಸಿ, ಗೋಡೆಯುದ್ದಕ್ಕೂ ಕಪಾಟುಗಳನ್ನು ಮಾಡಿಸಿ, ಅವುಗಳ ನಡುವೆ ಒಂದು ಬಿಲ್ಟ್-ಇನ್ ಓವನ್ ಕೂಡಿಸಿ ಹೋದನು. ನೋಡಲು ಕರಿಯ ಗಾಜಿನ ಒಂದು ಬಾಗಿಲು, ಅದರ ಮೇಲೆ ಎರಡು ತಿರುಗುಗುಂಡಿಗಳು, ನಡುವೆ ಮಿನುಗುವ ಅಂಕಿಗಳ ಗಡಿಯಾರ, ಅಷ್ಟೆ. ಮೊದಲ ಆರು ತಿಂಗಳು ಅತ್ತಿಗೆಯವರು ಅದರ ಹಿಡಿಯನ್ನು ಕೈಬಟ್ಟೆ ಒಣಹಾಕಲು ಮಾತ್ರ ಉಪಯೋಗಿಸಿದರು. ಸೊಸೆ ಒಂದೆರಡು ಸಲ ನಾನ್‌ಖಟಾಯಿ ಮಾಡಿ ತೋರಿಸಿದ ಮೇಲೆ ಅವರಿಗೂ ಹುರುಪು ಹುಟ್ಟಿತು.

ಅಂಗಳಕ್ಕೆ ಅಡಿಕೆ ಬಿದ್ದಿದ್ದ ದಿನಗಳಲ್ಲಿ ಒಂದು ಮಧ್ಯಾಹ್ನ ಅವರು ಬಾಳೆಹಣ್ಣಿನ ಕೇಕನ್ನು ಓವನ್ನಿನಲ್ಲಿಟ್ಟು, ಗಂಟೆಯ ಚಿತ್ರವಿದ್ದ ಗುಂಡಿಯನ್ನೊತ್ತಿ 40 ನಿಮಿಷಗಳ ಅವಧಿ ಕೊಟ್ಟು, ಅಡಿಕೆ ಮಗುಚಲು ಹೊರಗಿಳಿದರು. ಕಾಲಕ್ಕೆ ಸರಿಯಾಗಿ ಗಂಟೆ ಹೊಡೆದಿರಬೇಕು. ಅಂಗಳದವರೆಗೆ ಅದು ಕೇಳಿಸಲಿಲ್ಲ. ಕೇಳಿಸದಿದ್ದರೂ ಚಿಂತೆಯಿಲ್ಲ, ಹೊತ್ತು ಮುಗಿದರೆ ಒಲೆ ತಾನೇ ಆರುತ್ತದೆಂದು ಅವರ ನಂಬಿಕೆ. ಗಂಟೆ ಹೊಡೆದುದು ನಿಜ, ಒಲೆ ಆರಲಿಲ್ಲ. ಒಂದೂವರೆ ಗಂಟೆಯಾದ ಮೇಲೆ ಕಮಟು ವಾಸನೆ ಮೂಗಿಗೆ ಬಡಿದು ಓಡಿ ಬಂದರೆ ಅಡಿಗೆಮನೆಯ ತುಂಬ ಹೊಗೆ. ಗಾಬರಿಯಲ್ಲಿ ಬಾಗಿಲನ್ನೆಳೆದರು. ತಟ್ಟೆಗೆ ಹಾಸಿದ್ದ ಕಾಗದದ ಅಂಚು ಒಳಗೆ ಕನಲುತ್ತಿದ್ದುದು, ಗಾಳಿ ಸೋಕಿದೊಡನೆ ಭಗ್ಗೆಂದು ಹತ್ತಿಕೊಂಡಿತು. ಸೆರಗಿನ ತುದಿಯಿಂದಲೇ ತಟ್ಟೆಯನ್ನೆಳೆಯಲು ಹೋಗಿ ನಾಲ್ಕು ಬೆರಳು ಸುಟ್ಟುಕೊಂಡರು. ಅಷ್ಟರಲ್ಲಿ ಎರಡು ವರ್ಷದ ಮೊಮ್ಮಗ ಅಜ್ಜಿಯ ಹಿಂದೆಯೇ ಓಡಿಬಂದು, ತೆರೆದು ಕೆಳಗೆ ಬಿದ್ದಿದ್ದ ಬಾಗಿಲಿನ ಕಾದ ಗಾಜಿನ ಕಡೆಗೆ ಕೈ ನೀಡಿದ್ದನು. ಸೊಸೆ ಅವನನ್ನು ಎತ್ತಿಕೊಂಡಳು. ಒಂದು ಗೇಣಿನ ಅಂತರ.

ಮಾರನೆಯ ದಿನ ನೋಡಲು ಹೋದ ನನ್ನೊಡನೆ ಅತ್ತಿಗೆಯವರು ಕೇಳಿದ್ದು ಒಂದೇ ಪ್ರಶ್ನೆ: “ಗಂಟೆ ಹೊಡೆದ ಮೇಲೂ ಅದು ಉರಿಯುವುದೆಂದರೆ ಮತ್ತೆ ಆ ಗಂಟೆ ಯಾತಕ್ಕೆ?” ನ್ಯಾಯವಾದ ಪ್ರಶ್ನೆ. ಉತ್ತರವನ್ನು ಹುಡುಕಲು ನಾನು ಓವನ್ನಿನ ಕೈಪಿಡಿಯನ್ನು ತೆರೆದೆ. ಅದು ಹತ್ತಾರು ಭಾಷೆಗಳಲ್ಲಿ ಅಚ್ಚಾಗಿತ್ತು. ಕನ್ನಡವಿಲ್ಲ, ಮಲಯಾಳವೂ ಇಲ್ಲ. ಗಡಿಯ ಈಚೆ ಸರಕಾರದ ಕಾಗದಗಳಲ್ಲಿ ಕನ್ನಡವನ್ನು ಹುಡುಕಿ ಅಭ್ಯಾಸವಾದ ನಮಗೆ ಇದೇನೂ ಹೊಸತಲ್ಲ. ಇಂತಹ ಒಲೆಗಳು ಇಂದು ನಮ್ಮ ಊರುಗಳ ಅನೇಕ ಮನೆಗಳಿಗೆ ಬಂದಿರುವುದರಿಂದ, ಅಂದು ಓದಿ, ಪರೀಕ್ಷಿಸಿ ತಿಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ಒಲೆಗಳ ಗಡಿಯಾರದಲ್ಲಿ ಸಾಮಾನ್ಯವಾಗಿ ಒಂದಲ್ಲ, ಮೂರು ಕೆಲಸಗಳು ಅಡಗಿವೆ. ಮೊದಲನೆಯದು ಬರಿಯ ನೆನಪಿನ ಗಂಟೆ. ಹೆಚ್ಚಿನ ಓವನ್‌ಗಳಲ್ಲಿ ಇದಕ್ಕೆ ಗಂಟೆಯ ಚಿತ್ರವೇ ಗುರುತು. ಇಷ್ಟು ನಿಮಿಷವಾಯಿತೆಂದು ಕೂಗಿ ಹೇಳುವುದಷ್ಟೆ ಇದರ ಕರ್ತವ್ಯ. ಒಲೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಒಲೆಯನ್ನು ಹಚ್ಚದೆಯೇ ಮೊಟ್ಟೆ ಬೇಯಿಸಲೂ ಇದನ್ನು ಬಳಸಬಹುದು. ಎರಡನೆಯದು ಬೇಯುವ ಅವಧಿ. ಇದನ್ನು ಕೊಟ್ಟರೆ ಮಾತ್ರ ಹೊತ್ತು ಮುಗಿದಾಗ ಒಲೆ ತಾನಾಗಿ ಆರುತ್ತದೆ. ಮೂರನೆಯದು ಮುಗಿಯುವ ವೇಳೆ: ಮಧ್ಯಾಹ್ನ ಒಂದು ಗಂಟೆಗೆ ಅಡಿಗೆ ಆಗಿರಬೇಕೆಂದು ಹೇಳಿಟ್ಟರೆ, ಅವಧಿಯನ್ನು ಕಳೆದು ಯಾವಾಗ ಹೊತ್ತಿಕೊಳ್ಳಬೇಕೆಂಬುದನ್ನು ಯಂತ್ರವೇ ಲೆಕ್ಕ ಹಾಕಿಕೊಳ್ಳುತ್ತದೆ. ಅತ್ತಿಗೆಯವರು ಒತ್ತಿದ್ದು ಮೊದಲನೆಯದನ್ನು, ನಂಬಿದ್ದು ಎರಡನೆಯದನ್ನು. ಅಂಕಿಗಳ ಗಡಿಯಾರದ ಬದಲು ತಿರುಗಿಸುವ ಗುಂಡಿಯಿರುವ ಓವನ್‌ಗಳಲ್ಲಿಯೂ ಇದೇ ಗೊಂದಲವುಂಟು. ಕೆಲವು ಸೊನ್ನೆಗೆ ಬಂದಾಗ ವಿದ್ಯುತ್ತನ್ನು ಕಡಿಯುತ್ತವೆ, ಕೆಲವು ಟಣ್ಣೆಂದು ಸುಮ್ಮನಾಗುತ್ತವೆ. ನಿಮ್ಮ ಮನೆಯದು ಯಾವ ಜಾತಿಯದೆಂದು ತಿಳಿಯಲು ಸುಲಭವಾದ ದಾರಿಯೆಂದರೆ, ಬರಿದಾದ ಓವನ್ನಿಗೆ ಐದು ನಿಮಿಷ ಕೊಟ್ಟು ಎದುರಿನಲ್ಲಿಯೇ ನಿಂತು ನೋಡುವುದು.

ಮರೆತ ಒಲೆಯನ್ನು ಕೆಲವು ಗಂಟೆಗಳ ಮೇಲೆ ತಾನೇ ಆರಿಸುವ ಏರ್ಪಾಡು ಹಲವು ಹೊಸ ಓವನ್‌ಗಳಲ್ಲಿದೆ. ಉಷ್ಣತೆ ಹೆಚ್ಚಿದ್ದಷ್ಟೂ ಬೇಗನೆ ಆರಿಸುತ್ತದೆ. ಇದು ಮನೆಯನ್ನು ಉಳಿಸಲು ಇಟ್ಟದ್ದೇ ಹೊರತು ಕೇಕನ್ನು ಉಳಿಸಲು ಅಲ್ಲ.

ಇನ್ನು, ನಮ್ಮ ಕಡೆ ಕರೆಂಟು ಹೋಗಿ ಬರುವುದು ನಿತ್ಯದ ವಿಷಯ. ಹೋಗಿ ಬಂದೊಡನೆ ಗಡಿಯಾರದ ಅಂಕಿಗಳು ಮಿಟುಕತೊಡಗುತ್ತವೆ. ಬಹಳಷ್ಟು ಓವನ್‌ಗಳು ಗಡಿಯಾರವನ್ನು ಮತ್ತೆ ಸರಿಪಡಿಸುವವರೆಗೆ ಕಾಯುವುದೇ ಇಲ್ಲ. “ಹಾಳಾಯಿತು” ಎಂದು ರಿಪೇರಿಯವನಿಗೆ ಹೇಳಿ ಕಳುಹಿಸಿ, ಅವನು ಬಂದು ಎರಡು ಗುಂಡಿಯೊತ್ತಿ ಹಣ ಪಡೆದು ಹೋದ ಪ್ರಸಂಗಗಳು ನನ್ನ ಬಳಗದಲ್ಲಿಯೇ ಇವೆ. ನಡುವೆ ಕರೆಂಟು ಹೋದರೆ ಕೊಟ್ಟಿದ್ದ ಅವಧಿಯೂ ಸಾಮಾನ್ಯವಾಗಿ ಅಳಿಸಿಹೋಗುತ್ತದೆಂಬುದನ್ನು ಮರೆಯಬಾರದು. ಮನೆಯ ಇನ್ವರ್ಟರಿಗೆ ಈ ಒಲೆಯನ್ನು ಹೊರುವ ಶಕ್ತಿಯಿಲ್ಲ.

ಮೂರನೆಯ ಸೌಕರ್ಯದ ಬಗ್ಗೆ, ಅಂದರೆ ಬೆಳಿಗ್ಗೆ ಇಟ್ಟು ಮಧ್ಯಾಹ್ನಕ್ಕೆ ಬೇಯುವಂತೆ ಮಾಡುವುದರ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಇದು ಚಳಿಯ ದೇಶದವರು ಯೋಚಿಸಿದ ಅನುಕೂಲ. ಸುಮಾರು 5 ಡಿಗ್ರಿಯಿಂದ 60 ಡಿಗ್ರಿ ಸೆಂಟಿಗ್ರೇಡಿನವರೆಗಿನ ಉಷ್ಣತೆಯಲ್ಲಿ ಆಹಾರ ಕೆಡಿಸುವ ಸೂಕ್ಷ್ಮಜೀವಿಗಳು ವೃದ್ಧಿಯಾಗುತ್ತವೆ. ನಮ್ಮ ಕರಾವಳಿಯ ಸೆಕೆಯಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಹಾಲು, ಮೊಟ್ಟೆ, ಮೀನು, ಮಾಂಸ ಸೇರಿದ ಪದಾರ್ಥವನ್ನು ನಾಲ್ಕು ಗಂಟೆಗಳ ಕಾಲ ಹಸಿಯಾಗಿ ಇಡುವುದು ಅಪಾಯ. ಬೇಕಿಂಗ್ ಪೌಡರ್ ಹಾಕಿದ ಹಿಟ್ಟಂತೂ ಕಾದು ಕಾದು ಉಬ್ಬುವ ಗುಣವನ್ನೇ ಕಳೆದುಕೊಳ್ಳುತ್ತದೆ. ಸಿಹಿಗೆಣಸು, ಆಲೂಗಡ್ಡೆಗಳಂತಹವನ್ನು ಸುಡುವುದಕ್ಕಾದರೆ ಚಿಂತೆಯಿಲ್ಲ.

ಇಷ್ಟಾದರೂ ಈ ಒಲೆಯ ತತ್ತ್ವ ನಮಗೆ ಪರಕೀಯವಲ್ಲ. ತುಳುವಿನಲ್ಲಿ ಗೆಂಡದಡ್ಯೆ ಎಂದು ಕರೆಯುವ ತಿಂಡಿಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬಾಳೆಲೆ ಹಾಸಿದ ಪಾತ್ರೆಯಲ್ಲಿ ಹಿಟ್ಟು ಹೊಯ್ದು, ಅಡಿಯಲ್ಲಿ ಕೆಂಡ, ಮುಚ್ಚಳದ ಮೇಲೆಯೂ ಕೆಂಡವಿಟ್ಟು ಬೇಯಿಸುವ ಅದೇ ಕ್ರಮವೇ ಇಲ್ಲಿ ಮೇಲೊಂದು ಕೆಳಗೊಂದು ಕಾಯಿಲಿನ ರೂಪ ತಾಳಿದೆ. ಗುಂಡಿಯ ಸುತ್ತ ಇರುವ ಚಿತ್ರಗಳಲ್ಲಿ ಮೇಲಿನ ಗೆರೆ ಮೇಲಿನ ಕೆಂಡ, ಕೆಳಗಿನ ಗೆರೆ ಕೆಳಗಿನ ಕೆಂಡ; ಅಂಕುಡೊಂಕಾದ ಗೆರೆ ಮೇಲಿನಿಂದ ಕೆಂಪಗೆ ಸುಡುವ ಗ್ರಿಲ್; ಫ್ಯಾನಿನ ಚಿತ್ರವಿದ್ದರೆ ಬಿಸಿಗಾಳಿಯನ್ನು ಸುತ್ತಿಸುವುದೆಂದು ಅರ್ಥ. ಅಜ್ಜಿ ಕೆಂಡ ಕೆದಕಿ ಅಂದಾಜು ಮಾಡುತ್ತಿದ್ದ ಉರಿಯನ್ನು ಇಲ್ಲಿ ಥರ್ಮೋಸ್ಟಾಟ್ ಕಾಯುತ್ತದೆ. ಇಂಗ್ಲೆಂಡಿನ ಗ್ಯಾಸ್ ಒಲೆಗಳಿಗೆ ರೆಗ್ಯುಲೊ ಎಂಬ ಇಂತಹ ಉಷ್ಣ ನಿಯಂತ್ರಕ ಬಂದದ್ದೇ 1923ರಲ್ಲಿ. ಆದುದರಿಂದ ಅಂದಾಜಿನ ಅಡಿಗೆಯನ್ನು ಹೀಗಳೆಯಬೇಕಾಗಿಲ್ಲ.

ಓವನ್ನಿನ ಜೊತೆಗೆ ಬರುವ ಸಲಕರಣೆಗಳಲ್ಲಿ ತಂತಿಯ ಜಾಲರಿಯೇ ಮುಖ್ಯ. ಅದನ್ನು ತಲೆಕೆಳಗಾಗಿ ಹಾಕಿದವರೇ ಹೆಚ್ಚು. ಅದರ ಬದಿಗಳಲ್ಲಿ ಸಣ್ಣ ತಗ್ಗುಗಳೋ ಹಿಂಬದಿಯಲ್ಲಿ ಎತ್ತರಿಸಿದ ಅಂಚೋ ಇರುತ್ತದೆ. ಅರ್ಧ ಹೊರಗೆಳೆದಾಗ ಜಾಲರಿ ಭಾರದಿಂದ ಮುಂದಕ್ಕೆ ಮಗುಚದಂತೆ ತಡೆಯುವುದೂ, ಪಾತ್ರೆ ಹಿಂದಕ್ಕೆ ಜಾರದಂತೆ ಹಿಡಿಯುವುದೂ ಅವುಗಳ ಕೆಲಸ. ತಿರುವುಮುರುವಾದರೆ ಕುದಿಯುವ ಪಾತ್ರೆ ಕಾಲ ಮೇಲೆ ಬೀಳುವ ಸಂಭವವಿದೆ. ಜಾರುಹಳಿಗಳಿದ್ದರೆ ಎರಡನ್ನೂ ಪೂರ್ತಿ ಹೊರಗೆಳೆದು, ಸಮನಾಗಿವೆಯೆಂದು ನೋಡಿದ ಮೇಲೆಯೇ ತಟ್ಟೆಯಿಡಬೇಕು. ಆಳವಾದ ತಟ್ಟೆ ಜಾಲರಿಯ ಕೆಳಗಿನ ಅಂತಸ್ತಿಗೆ, ತೊಟ್ಟಿಕ್ಕುವ ಜಿಡ್ಡನ್ನು ಹಿಡಿಯಲು. ಖಾಲಿ ತಟ್ಟೆಗಳನ್ನು ಒಳಗೇ ಬಿಟ್ಟು ಒಲೆ ಹಚ್ಚಬಾರದು. ಬಿಸಿಗಾಳಿಯ ದಾರಿಗೆ ಅಡ್ಡಿ. ಕಾಯ್ದ ತಟ್ಟೆ ಟಣ್ಣೆಂದು ಸದ್ದು ಮಾಡಿ ಸೊಟ್ಟಗಾದರೆ ಹೆದರಬೇಡಿ, ತಣಿದಾಗ ಹೆಚ್ಚಾಗಿ ಮೊದಲಿನಂತಾಗುತ್ತದೆ. ಹಾಸುವ ಕಾಗದವನ್ನು ಮಾತ್ರ ತಟ್ಟೆಯ ಅಳತೆಗೆ ಕತ್ತರಿಸಬೇಕು. ಅತ್ತಿಗೆಯವರ ಮನೆಯಲ್ಲಿ ಕಿಡಿ ಹತ್ತಿದ್ದು ತಟ್ಟೆಯಿಂದ ಮೇಲಕ್ಕೆ ಚಾಚಿದ್ದ ಆ ನಾಲ್ಕು ಬೆರಳು ಕಾಗದಕ್ಕೆ.

ಇನ್ನೊಂದು ತಪ್ಪನ್ನು ನಾನೇ ಮಾಡಿದ್ದೇನೆ. ತೊಳೆಯುವ ಕೆಲಸ ಕಡಮೆಯಾಗಲೆಂದು ನಮ್ಮ ಮನೆಯ ಓವನ್ನಿನ ತಳಕ್ಕೆ ಅಲ್ಯೂಮಿನಿಯಮ್ ಹಾಳೆಯನ್ನು ಹಾಸಿದೆ. ಕೆಳಗಿನ ಕಾಯಿಲು ಆ ತಳದ ಅಡಿಯಲ್ಲಿಯೇ ಇರುತ್ತದೆ. ಶಾಖ ಮೇಲೇರಲು ದಾರಿಯಿಲ್ಲದೆ ಅಲ್ಲಿಯೇ ಕಟ್ಟಿಕೊಂಡು ಎನಾಮಲ್ ಬಣ್ಣಗೆಟ್ಟಿತು. ಆ ಕಲೆ ಇಂದಿಗೂ ಹೋಗಿಲ್ಲ.

ಕೂಡಿಸುವಾಗ ನೋಡಿಕೊಳ್ಳಬೇಕಾದ ಸಂಗತಿಗಳಲ್ಲಿ ಎರಡು ಅತ್ಯಂತ ಮುಖ್ಯ. ಬಾಗಿಲು ತೆರೆದಾಗ ಚೌಕಟ್ಟಿನ ಎರಡು ಬದಿಗಳಲ್ಲಿ ಸ್ಕ್ರೂಗಳು ಕಾಣಬೇಕು. ಓವನ್ನನ್ನು ಕಪಾಟಿಗೆ ಬಿಗಿದು ಹಿಡಿಯುವುದು ಅವೇ. ಬಡಗಿ ಅವಸರದಲ್ಲಿ ಅವನ್ನು ಬಿಟ್ಟಿದ್ದರೆ, ಭಾರದ ತಟ್ಟೆಯನ್ನು ಹೊರಗೆಳೆದಾಗಲೋ ಮಗು ತೆರೆದ ಬಾಗಿಲಿನ ಮೇಲೆ ಜೋತಾಗಲೋ ಇಡೀ ಪೆಟ್ಟಿಗೆ ಮುಂದಕ್ಕೆ ವಾಲಬಹುದು. ಎರಡನೆಯದು ವಿದ್ಯುತ್ತು. ಇಂತಹ ಓವನ್‌ಗಳು ಸಾಮಾನ್ಯವಾಗಿ ಎರಡೂವರೆಯಿಂದ ಮೂರೂವರೆ ಸಾವಿರ ವಾಟ್ ಎಳೆಯುತ್ತವೆ. 6 ಆಂಪಿಯರಿನ ಸಣ್ಣ ಪ್ಲಗ್ಗಿಗಾಗಲಿ ಎಕ್ಸ್‌ಟೆನ್ಶನ್ ಬಳ್ಳಿಗಾಗಲಿ ಸಿಕ್ಕಿಸುವುದು ಸಲ್ಲದು. ಅರ್ತಿಂಗ್ ಸಹಿತವಾದ, ಇದಕ್ಕೆಂದೇ ಎಳೆದ ಪ್ರತ್ಯೇಕ ಲೈನು ಬೇಕು. ಮಳೆಗಾಲದಲ್ಲಿ ತಿಂಗಳುಗಟ್ಟಲೆ ಉಪಯೋಗಿಸದೆ ಬಿಟ್ಟ ಓವನ್ನನ್ನು ಹಚ್ಚಿದೊಡನೆ ಮನೆಯ ಇಎಲ್‌ಸಿಬಿ ಬೀಳುವುದುಂಟು. ಕಾಯಿಲಿನೊಳಗಿನ ಪುಡಿ ತೇವವನ್ನು ಹೀರಿಕೊಳ್ಳುವುದು ಇದಕ್ಕೆ ಒಂದು ಕಾರಣ. “ಅದೊಂದು ಉಪದ್ರವ, ತೆಗೆಸಿಬಿಡುವ” ಎಂದು ಇಎಲ್‌ಸಿಬಿಯನ್ನೇ ತಪ್ಪಿಸಿ ಲೈನು ಕೊಡಿಸಿದವರನ್ನು ನಾನು ಕಂಡಿದ್ದೇನೆ. ಸೋರುವ ವಿದ್ಯುತ್ತಿಗೂ ಒದ್ದೆ ಕೈಗೂ ನಡುವೆ ಇರುವುದು ಅದೊಂದೇ. ಕರೆಸಬೇಕಾದುದು ಇಲೆಕ್ಟ್ರಿಶಿಯನನ್ನು.

ಒಲೆ ಆರಿದ ಮೇಲೆಯೂ ಒಳಗೆ ಫ್ಯಾನು ತಿರುಗುತ್ತಿದ್ದರೆ ಅದು ಕೆಟ್ಟಿಲ್ಲ. ಸುತ್ತಲಿನ ಪ್ಲೈವುಡ್ಡೂ ಗಡಿಯಾರದ ಯಂತ್ರವೂ ಬೆಂದುಹೋಗದಂತೆ ಅದು ತಂಪು ಮಾಡುತ್ತಿರುತ್ತದೆ. ಕೆಲಸ ಮುಗಿದೊಡನೆ ಗೋಡೆಯ ಸ್ವಿಚ್ಚನ್ನು ಆರಿಸುವ ನಮ್ಮ ಒಳ್ಳೆಯ ಅಭ್ಯಾಸ ಇಲ್ಲಿ ತುಸು ಕಾಯಬೇಕು.

ಮಕ್ಕಳಿರುವ ಮನೆಯವರು ಬೀಗದ ಕೈಯ ಚಿತ್ರವಿರುವ ಗುಂಡಿಯನ್ನು ಹುಡುಕಿಕೊಳ್ಳಬೇಕು. ಕೆಲವು ಕ್ಷಣ ಒತ್ತಿ ಹಿಡಿದರೆ ಇತರ ಗುಂಡಿಗಳು ಕೆಲಸ ಮಾಡವು. ಆದರೆ ಹೆಚ್ಚಿನ ಓವನ್‌ಗಳಲ್ಲಿ ಈ ಬೀಗ ಗುಂಡಿಗಳಿಗೆ ಮಾತ್ರ, ಬಾಗಿಲಿಗಲ್ಲ. ಎರಡು ಪದರದ ಗಾಜಿಗಿಂತ ಮೂರು ಪದರದ್ದು ಹೊರಮೈಯಲ್ಲಿ ತಂಪು. ಕೊಳ್ಳುವಾಗಲೇ ಕೇಳಬೇಕಾದ ಪ್ರಶ್ನೆಯಿದು. ಆದರೂ ತೆರೆದ ಬಾಗಿಲಿನ ಒಳಮೈ ಕಾದ ಕಾವಲಿಯೇ ಸರಿ. ಗಾಜನ್ನು ಉಕ್ಕಿನ ನಾರಿನಿಂದ ಉಜ್ಜಬಾರದು. ಗೀರು ಬಿದ್ದ ಗಾಜು ಮುಂದೊಂದು ದಿನ ಬಿಸಿಯೇರಿದಾಗ ಪುಡಿಪುಡಿಯಾದೀತು.

ಒಳಗೆ ಬೆಂಕಿ ಕಂಡರೆ ಬಾಗಿಲು ತೆರೆಯಲೇಬಾರದು. ಒಲೆಯನ್ನಾರಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಮುಚ್ಚಿದಂತೆಯೇ ಬಿಟ್ಟರೆ ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ. ಹೊಗೆ ಹೊರಗೆ ಹಬ್ಬುತ್ತಿದ್ದರೆ ಮಕ್ಕಳನ್ನು ಕರೆದುಕೊಂಡು ಹೊರಗೆ ಬಂದು 101ಕ್ಕೆ ಫೋನು ಮಾಡಬೇಕು. ಬಿಸಿ ಪಾತ್ರೆಯನ್ನು ಹಿಡಿಯಲು ಒಣಗಿದ ದಪ್ಪ ಕೈಗವಸೇ ಆಗಬೇಕು. ಒದ್ದೆ ಬಟ್ಟೆ ಶಾಖವನ್ನು ಕ್ಷಣದಲ್ಲಿ ಬೆರಳಿಗೆ ದಾಟಿಸುತ್ತದೆ. ಸುಟ್ಟರೆ 20 ನಿಮಿಷ ನಲ್ಲಿಯ ಹರಿಯುವ ತಣ್ಣೀರಿನ ಕೆಳಗೆ ಹಿಡಿಯುವುದೇ ಮೊದಲ ಚಿಕಿತ್ಸೆ. ಅಂದು ಅತ್ತಿಗೆಯವರ ಬೆರಳಿಗೆ ನೆರೆಮನೆಯವರು ಟೂತ್‌ಪೇಸ್ಟ್ ಬಳಿದರು, ಮತ್ತೊಬ್ಬರು ತುಪ್ಪ ತಂದರು. ಅದನ್ನೆಲ್ಲ ತೊಳೆದು ತೆಗೆಯುವಾಗ ಆದ ನೋವು ಸುಟ್ಟುದಕ್ಕಿಂತ ಹೆಚ್ಚಿನದಾಗಿತ್ತೆಂದು ಅವರು ಈಗಲೂ ಹೇಳುತ್ತಾರೆ.

ಬೆರಳು ವಾಸಿಯಾದ ಮೇಲೆ ನಾನೂ ಸೊಸೆಯೂ ಕುಳಿತು, ಓವನ್ನಿನ ಒಂದೊಂದು ಚಿತ್ರವನ್ನೂ ಕಾಗದದಲ್ಲಿ ಬಿಡಿಸಿ, ಅದರ ಮುಂದೆ ದಪ್ಪಕ್ಷರದ ಕನ್ನಡದಲ್ಲಿ ಅರ್ಥ ಬರೆದು, ಪಕ್ಕದ ಕಪಾಟಿನ ಬಾಗಿಲಿನ ಒಳಬದಿಗೆ ಅಂಟಿಸಿದೆವು. ಗಂಟೆಯ ಚಿತ್ರದ ಮುಂದೆ “ಕೂಗುತ್ತದೆ, ಆರಿಸುವುದಿಲ್ಲ” ಎಂದಿದೆ. ಅತ್ತಿಗೆಯವರು ಈಗ ಅವಧಿಯನ್ನೂ ಕೊಡುತ್ತಾರೆ, ಗಂಟೆಯನ್ನೂ ಇಡುತ್ತಾರೆ, ಅಷ್ಟಾದರೂ ಅಂಗಳಕ್ಕಿಳಿಯುವುದಿಲ್ಲ. ಹತ್ತಿರವೇ ಮಣೆ ಹಾಕಿ ಕುಳಿತು ಮಲ್ಲಿಗೆ ಕಟ್ಟುತ್ತಾರೆ. ಹೋದ ತಿಂಗಳು ಮೇಲಿನ ಗೆರೆ, ಕೆಳಗಿನ ಗೆರೆ ಎರಡನ್ನೂ ಹಚ್ಚಿ ಬಾಳೆಲೆಯಲ್ಲಿ ಮುಳ್ಳುಸೌತೆಯ ಗೆಂಡದಡ್ಯೆ ಮಾಡಿದ್ದರು. ಕೆಂಡದ ಪರಿಮಳ ಬರಲಿಲ್ಲವೆಂದು ಅವರ ದೂರು. ಮೊಮ್ಮಗ ಎರಡು ತುಂಡು ತಿಂದನು.