ಚಿತ್ತೆ ಮಳೆಯಲ್ಲೂ ತಲೆಯೆತ್ತುವ ಡೇರೆ

ಚೌತಿ ಕಳೆದು ನವರಾತ್ರಿ ಹತ್ತಿರವಾಗುವ ಹೊತ್ತಿಗೆ ಸಾಗರ, ಸಿದ್ದಾಪುರ, ಶಿರಸಿ ಕಡೆಯ ಹಳ್ಳಿಮನೆಗಳ ಅಂಗಳದಲ್ಲಿ ಮೊದಲು ಕಣ್ಣಿಗೆ ಬೀಳುವುದು ಡೇರೆ ಹೂ. ಪೇಟೆಯ ನರ್ಸರಿಗಳಲ್ಲಿ ಡೇಲಿಯಾ ಎಂದು ಮಾರುವ ಇದನ್ನು ಮಲೆನಾಡಿನ ಹೆಂಗಸರು ತಲೆಮಾರುಗಳಿಂದ ಬೆಳೆಸುತ್ತ ಬಂದಿದ್ದಾರೆ. ದುಡ್ಡು ಕೊಟ್ಟು ತಂದ ಗಿಡಕ್ಕಿಂತ ತವರಿನಿಂದ ತಂದದ್ದು, ನೆಂಟರ ಮನೆಯಲ್ಲಿ ಕೇಳಿ ಪಡೆದದ್ದೇ ಹೆಚ್ಚು. ಅಡಿಕೆ, ಭತ್ತದ ಲೆಕ್ಕಪುಸ್ತಕದಲ್ಲಿ ಈ ಹೂತೋಟಕ್ಕೆ ಜಾಗವಿಲ್ಲ. ಆದರೂ ಇದು ಪಳಗಿದ ಕೈಗಳ ವಿದ್ಯೆ. ಅದರ ಕಠಿಣ ಪರೀಕ್ಷೆ ನಡೆಯುವುದು ಉತ್ತರೆ, ಹಸ್ತ, ಚಿತ್ತೆ ಮಳೆಗಳ ಈ ತಂಪು ದಿನಗಳಲ್ಲಿ.

ಡೇರೆಯ ಮೂಲ ಮೆಕ್ಸಿಕೊದ ಎತ್ತರದ ಗುಡ್ಡಗಾಡು. 1789ರಲ್ಲಿ ಅದು ಅಲ್ಲಿಂದ ಸ್ಪೇನಿನ ಮ್ಯಾಡ್ರಿಡ್ ಸಸ್ಯೋದ್ಯಾನ ಸೇರಿತು. ಎರಡು ವರ್ಷಗಳ ನಂತರ ಅಲ್ಲಿನ ಸಸ್ಯವಿಜ್ಞಾನಿ ಕವನಿಲ್ಲೆಸ್, ಸ್ವೀಡನ್ನಿನ ಆಂಡರ್ಸ್ ದಾಲ್ ನೆನಪಿಗೆ ಅದಕ್ಕೆ ಹೆಸರಿಟ್ಟರು. 1963ರಿಂದ ಅದು ಮೆಕ್ಸಿಕೊದ ರಾಷ್ಟ್ರಪುಷ್ಪ. ಆ ಗುಡ್ಡಗಳಲ್ಲಿ ಬೇಸಿಗೆಯಲ್ಲಿ ಆರಂಭವಾಗುವ ಮಳೆ ಅಕ್ಟೋಬರ್‌ವರೆಗೂ ಇರುತ್ತದೆ, ಆಮೇಲೆ ಒಣಹವೆ. ಗಡ್ಡೆ ಮಳೆಗೆ ಚಿಗುರುತ್ತದೆ, ಮಳೆ ಇಳಿಯುವಾಗ ಹೂ ಕೊಡುತ್ತದೆ, ಒಣಗಾಲದಲ್ಲಿ ಮಣ್ಣೊಳಗೆ ಮಲಗುತ್ತದೆ. ನಮ್ಮ ಮುಂಗಾರಿನ ಕ್ರಮವೂ ಹೆಚ್ಚುಕಡಿಮೆ ಇದೇ. ಯುರೋಪಿನಲ್ಲಿ ಮೊದಲ ಹಿಮಕ್ಕೇ ಕಪ್ಪಾಗಿ ಬೀಳುವ ಗಿಡ ಮಲೆನಾಡಿಗೆ ಇಷ್ಟು ಒಗ್ಗಿಕೊಂಡದ್ದು ಇದರಿಂದಲೇ. ಒಂದೇ ತೊಡಕು, ಇಲ್ಲಿನ ಮಳೆ ಅದರ ಹುಟ್ಟೂರಿನ ಮಳೆಗಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಆರೈಕೆಯೆಲ್ಲ ಹೆಚ್ಚಾದ ನೀರನ್ನು ಗಿಡದಿಂದ ದೂರ ಸಾಗಿಸುವುದರ ಸುತ್ತಲೇ ಇದೆ.

ಏರು ಮಾಡಿ, ಮರಳು ಬೆರೆಸಿ ನೆಟ್ಟ ಗಿಡ ಆಷಾಢದ ಜಡಿಯನ್ನೂ ತಡೆದೀತು. ಬುಡದಲ್ಲಿ ನೀರು ನಿಂತರೆ ಮಾತ್ರ ಗಡ್ಡೆ ಕೊಳೆಯುತ್ತದೆ. ಹಸ್ತದ ಹೊತ್ತಿಗೆ ಮಣ್ಣು ಕೊಚ್ಚಿಹೋಗಿ ಏರು ತಗ್ಗಿರುತ್ತದೆ. ಬುಡಕ್ಕೆ ಮತ್ತೊಮ್ಮೆ ಮಣ್ಣು ಏರಿಸುವುದನ್ನು ಈಗ ತಪ್ಪಿಸಬಾರದು. ಅಡಿಕೆ ದಬ್ಬೆಯ ಗೂಟ ಊರಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಬೇಕು. ಬೊಗಸೆಯಷ್ಟು ದೊಡ್ಡ ಹೂ ಮಳೆನೀರು ಹೀರಿ ಭಾರವಾದಾಗ ಕತ್ತು ಮುರಿಯುತ್ತದೆ. ಎಸಳು ಒತ್ತೊತ್ತಾಗಿ ಸುತ್ತಿಕೊಂಡ ಸಣ್ಣ ಚೆಂಡು ಡೇರೆ ಈ ಕಷ್ಟವನ್ನು ಚೆನ್ನಾಗಿ ತಾಳುತ್ತದೆ. ಮಳೆ ಜೋರಿರುವ ಊರಿನವರು ಮೊದಲು ಅದನ್ನೇ ನೆಡುವುದು ಜಾಣತನ.

ಡೇರೆಯ ದಂಟಿನ ಒಳಗು ಟೊಳ್ಳು. ಹೂ ಕೊಯ್ದ ಮೇಲೆ ಉಳಿಯುವ ತುದಿಯಲ್ಲಿ ಮಳೆನೀರು ತುಂಬಿಕೊಂಡರೆ ಕೊಳೆ ಅಲ್ಲಿಂದ ಬುಡದವರೆಗೂ ಇಳಿಯುತ್ತದೆ. ಅದಕ್ಕೇ ದಂಟನ್ನು ಗಿಣ್ಣಿನ ಮೇಲೆ, ಓರೆಯಾಗಿ ಕತ್ತರಿಸಬೇಕು. ಹೊಸದಾಗಿ ಡೇರೆ ಬೆಳೆಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಗೊಬ್ಬರದ ಮಾತೆಲ್ಲ ಆಮೇಲೆ. ಹೂವನ್ನು ಪೂರ್ತಿ ಅರಳಿದ ಮೇಲೆ, ಬೆಳಗಿನ ಹೊತ್ತಿನಲ್ಲಿ ಕೊಯ್ಯಬೇಕು. ಮೊಗ್ಗಾಗಿ ಕೊಯ್ದರೆ ಹೂದಾನಿಯಲ್ಲಿ ಅರಳುವುದು ಕಡಿಮೆ.

ತಂಪು, ಮೋಡ, ಎಲೆಯ ಮೇಲೆ ಆರದ ತೇವ, ಇವು ಸೇರಿದರೆ ಬೂದು ಬೂಷ್ಟು ಖಂಡಿತ. ಅದು ಮೊದಲು ಹಿಡಿಯುವುದು ಬಾಡಿದ ಹೂವನ್ನು. ಕಂದಿದ ಎಸಳು ಕೆಳಗಿನ ಎಲೆಗೆ ಬಿದ್ದು ಅಂಟಿಕೊಂಡರೆ ಅಲ್ಲಿಯೂ ಕೊಳೆ ಶುರು. ದೇವರಿಗೆ ಹೂ ಕೊಯ್ಯಲು ಬಂದವರು ಬಾಡಿದ್ದನ್ನೂ ಕಿತ್ತು ಗೊಬ್ಬರಗುಂಡಿಗೆ ಹಾಕಿದರೆ ಅರ್ಧ ರೋಗ ಅಲ್ಲಿಗೇ ನಿಲ್ಲುತ್ತದೆ. ಬುಡದ ಒಂದು ಗೇಣಿನಷ್ಟು ಎಲೆ ಸವರಿದರೆ ಗಾಳಿ ಆಡುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣ, ಅಂದರೆ 100 ಲೀಟರ್ ನೀರಿಗೆ ತಲಾ ಒಂದು ಕಿಲೋ ಮೈಲುತುತ್ತ ಮತ್ತು ಸುಣ್ಣ, ಮಲೆನಾಡಿನ ಮನೆಗಳಿಗೆ ಹೊಸದಲ್ಲ. ಆದರೆ ಹೂ ಅರಳಿದ ಗಿಡಕ್ಕೆ ಅದು ಬೇಡ, ಎಸಳಿನ ಮೇಲೆ ಕಲೆ ಉಳಿಯುತ್ತದೆ. ಬಸವನಹುಳುವಿಗೆ ರಾತ್ರಿ ಬ್ಯಾಟರಿ ಹಿಡಿದು ಹುಡುಕಿ ಹೆಕ್ಕುವುದಕ್ಕಿಂತ ಒಳ್ಳೆಯ ಮದ್ದು ಕಾಣೆ.

ಅಕ್ಟೋಬರ್‌ನಲ್ಲಿ ಹಗಲು 12 ಗಂಟೆಗಿಂತ ಕಿರಿದಾಗುತ್ತದೆ. ಗಿಡದ ಗಮನ ಹೂವಿನಿಂದ ಗಡ್ಡೆಗೆ ಹೊರಳುವ ಸಮಯವಿದು. ಹೂ ಸಣ್ಣದಾಯಿತೆಂದು ಈಗ ಸಗಣಿನೀರು ಸುರಿದರೆ ಎಳೆ ಚಿಗುರು ಬಂದೀತು, ಗಡ್ಡೆ ಮಾತ್ರ ಗಟ್ಟಿಯಾಗದು. ಕೈತಡೆದು ಬಿಡುವುದು ಮೇಲು. ದೀಪಾವಳಿಯ ನಂತರ ದಂಟು ತಾನಾಗಿ ಹಳದಿಯಾದಾಗ ಅಗೆದು, ನೆರಳಲ್ಲಿ ಆರಿಸಿ, ಒಣ ಮರಳಿನಲ್ಲಿ ಹುಗಿದಿಟ್ಟರೆ ಮುಂದಿನ ಮುಂಗಾರಿನವರೆಗೆ ಇರುತ್ತದೆ.

ಹಂಚುವಾಗ ಒಂದು ಎಚ್ಚರ ಬೇಕು. ಡೇರೆಯ ಕಣ್ಣಿರುವುದು ಗಡ್ಡೆಯ ಮೈಮೇಲಲ್ಲ, ದಂಟಿಗೆ ಅಂಟಿದ ಕತ್ತಿನಲ್ಲಿ. ಆ ತುಣುಕಿಲ್ಲದೆ ಮುರಿದು ಕೊಟ್ಟ ಗಡ್ಡೆ ಎಷ್ಟೇ ದಪ್ಪಗಿದ್ದರೂ ಚಿಗುರುವುದಿಲ್ಲ. ಇನ್ನು ಕೆಂಪು, ಬಿಳಿ, ನೇರಳೆ, ಎಲ್ಲದರ ಗಡ್ಡೆಯೂ ನೋಡಲು ಒಂದೇ ಥರ. ಯಾರಿಗೆ ಯಾವುದು ಎಂದು ತಿಳಿಯಬೇಕಾದರೆ ಹೂವಿರುವಾಗಲೇ, ಅಂದರೆ ಈಗಲೇ, ಪ್ರತಿ ಗಿಡದ ಬುಡಕ್ಕೂ ಅದರ ಬಣ್ಣದ ದಾರ ಕಟ್ಟಿಡಬೇಕು.